ಆರು ತಿಂಗ್ಳಿಗೊಂದು ಆಲ್ಬಂ ಕೊಡೋಕಾಗುತ್ತಾ? ಓದುಗರ ಪ್ರಶ್ನೆ, ನನ್ನ ಉತ್ತರ

ಬ್ಯಾಂಡ್ ಬಿಟ್ಟು ಒಬ್ಬೊಬ್ರೇ ಹಾಡು ಬರ್ಕೊಂಡು ಹಾಡೋರ ಬಗ್ಗೆ ಏನಾದ್ರೂ ಕೇಳೋದಿದ್ರೆ ಕಳ್ಸಿ ಅಂತ ಹೋದ ಸಂಚಿಕೇಲಿ ಒಂದ್ ಸಾಲು ಹಾಕಿದ್ದೆ, ಅಷ್ಟೇ. ದಾವಣಗೆರೆ, ದುರ್ಗ ಎರಡೂ ಕಡೆಯಿಂದ ಇಷ್ಟೊಂದು ಬರುತ್ತೆ ಅನ್ಕೊಂಡಿರ್ಲಿಲ್ಲ. ಅರ್ಧಕ್ಕರ್ಧ ಪತ್ರ ಸಿನಿಮಾದಲ್ಲಿ ಹಾಡೋಕೆ ಚಾನ್ಸ್ ಕೊಡ್ಸಿ ಅಂತ, ಅವನ್ನೆಲ್ಲಾ ಪಕ್ಕಕ್ಕಿಟ್ಟಿದೀನಿ, ನನಗೇ ಯಾರೂ ಕೊಡ್ಸಿಲ್ಲ ಬಿಡಿ. ಉಳಿದಿದ್ರಲ್ಲಿ ಆರು ಇಲ್ಲಿವೆ.

ಪ್ರಶ್ನೆ: ಅಂಕಲ್, ಪವರ್ ಪಾಪ್ ಪವರ್ ಪಾಪ್ ಅಂತ ಆಗಾಗ ಬರೀತಿರ್ತೀರಲ್ಲ, ಅದೇನು? ಪಾಪ್ ಹಾಡಿಗೆ ಕರೆಂಟ್ ಕೊಟ್ರೆ ಪವರ್ ಪಾಪಾ?
(ಪಿಯುಸಿ ವಿದ್ಯಾರ್ಥಿನಿ, ತುರುವನೂರು ರೋಡ್, ಚಿತ್ರದುರ್ಗ)

ತಮಾಷೆಗೆ ಕೇಳಿದ್ರೂ ಅರ್ಧ ಉತ್ತರ ನೀನೇ ಹೇಳ್ಬಿಟ್ಟೆ ಮಗಳೇ. ಹೆಸರು ಕೊಟ್ಟಿದ್ದು ಇಂಗ್ಲೆಂಡಿನ ದಿ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್, 1967ರಲ್ಲಿ, ತಾವು ಬಾರ್ಸೋದು ಏನು ಅಂತ ಹೇಳೋವಾಗ. ಮೇಲ್ಗಡೆ ಬೀಟಲ್ಸ್ ಬ್ಯಾಂಡಿನ ಥರ ಬಾಯಲ್ಲೇ ಉಳ್ಯೋ ಟ್ಯೂನು, ಮೂರ್ನಾಲ್ಕು ದನಿ ಸೇರಿ ಹಾಡೋ ಕೋರಸ್ಸು, ಕೆಳಗಡೆ ಗಿಟಾರು ಡ್ರಮ್ಮು ಮಾತ್ರ ಮೆತ್ತಗಿರಲ್ಲ, ಮತ್ತೆ ಎಲ್ಲಾ ಮೂರ್ ನಿಮಿಷದೊಳಗೆ ಮುಗೀಬೇಕು, ಹತ್ತು ನಿಮಿಷ ಗಿಟಾರ್ ಸೋಲೋ ಎಳ್ಯಂಗಿಲ್ಲ. 70ರ ದಶಕದಲ್ಲಿ ಅಮೆರಿಕದಲ್ಲಿ ಕ್ಲೀವ್‌ಲ್ಯಾಂಡಿನ ರಾಸ್‌ಬೆರೀಸ್, ಮೆಂಫಿಸ್‌ನ ಬಿಗ್ ಸ್ಟಾರ್ ಇವರೆಲ್ಲಾ ಇದನ್ನೇ ಮಾಡಿದ್ದು. ಇದನ್ನ ಬೆಣ್ಣೆ ದೋಸೆಗೆ ಹೋಲಿಸಿ ಬರೀರಿ ಅಂತ ನಮ್ಮ ಸಂಪಾದಕರು ಅಂದ್ರು. ನಾನು ಹೋಲಿಸಲ್ಲ, ಪ್ರತಿ ಸಲ ಅದನ್ನೇ ಎಳ್ಕೊಂಡ್ ಬರೋದು ಸಾಕಾಗಿದೆ.

ಪ್ರಶ್ನೆ: ಅಣ್ಣಾ ನಮಸ್ತೆ. ಇಂಜಿನಿಯರಿಂಗ್ ಓದೋವಾಗ ನಾಲ್ಕ್ ಜನ ಸೇರಿ ಬ್ಯಾಂಡ್ ಮಾಡಿದ್ವಿ, ಕಾಲೇಜ್ ಫೆಸ್ಟು, ಗಣೇಶನ ಪೆಂಡಾಲು ಅಂತ ಮೂರ್ ವರ್ಷ ಓಡ್ತು, ಆಮೇಲೆ ಇಬ್ರು ಬೆಂಗ್ಳೂರಿಗೆ ಕೆಲ್ಸಕ್ಕೆ ಹೋದ್ರು, ಡ್ರಮ್ಮರು ಅವರಪ್ಪನ ಅಡಿಕೆ ವ್ಯಾಪಾರಕ್ಕೆ ಕೂತ, ಈಗ ನಾನೊಬ್ನೇ. ಮನೇಲೇ ಲ್ಯಾಪ್‌ಟಾಪಲ್ಲಿ ಎಲ್ಲಾ ವಾದ್ಯ ನಾನೇ ಬಾರ್ಸಿ ನಾಲ್ಕ್ ತಿಂಗ್ಳಲ್ಲಿ ಮೂರ್ ಹಾಡು ಮುಗ್ಸಿದೀನಿ. ಬೆಂಗ್ಳೂರಿನ ಒಂದ್ ಕಂಪ್ನಿಯೋರು ಕೇಳಿ ಖುಷಿಯಾಗಿ ಅಗ್ರಿಮೆಂಟ್ ಕಳ್ಸಿದಾರೆ. ಮೂರ್ ವರ್ಷ, ತಿಂಗ್ಳಿಗೊಂದು ಹಾಡು, ಒಂದೂವರೆ ಲಕ್ಷ ಅಡ್ವಾನ್ಸು, ತಡ ಆದ್ರೆ ದಂಡ, ಹಾಡಿನ ಎಲ್ಲಾ ಹಕ್ಕೂ ಅವರ್ದೇ. ಸೈನ್ ಮಾಡ್ಲಾ? ಎಮಿಟ್ ರೋಡ್ಸ್ ಅನ್ನೋರ್ದು ನನ್ನ ಥರದ್ದೇ ಕಥೆ ಅಂತ ಫ್ರೆಂಡ್ ಒಬ್ಬ ಹೇಳ್ದ, ಅವರು ಏನಾದ್ರು?
(ಹೆಸರು ಬೇಡ, ವಿದ್ಯಾನಗರ, ದಾವಣಗೆರೆ)

ತಮ್ಮಾ, ಪೆನ್ನು ಕೆಳಗಿಡು ಮೊದ್ಲು. ನಿನ್ನ ಫ್ರೆಂಡ್ ಸರಿಯಾದ ಮನುಷ್ಯನ ಹೆಸರೇ ಹೇಳಿದಾನೆ.

ಎಮಿಟ್ ರೋಡ್ಸ್ ಹುಟ್ಟಿದ್ದು 1950ರಲ್ಲಿ, ಬೆಳೆದಿದ್ದು ಕ್ಯಾಲಿಫೋರ್ನಿಯಾದ ಹಾಥಾರ್ನ್ ಅನ್ನೋ ಊರಲ್ಲಿ, ಬೀಚ್ ಬಾಯ್ಸ್ ಬ್ಯಾಂಡಿನ ಅಣ್ತಮ್ಮಂದಿರೂ ಅದೇ ಊರಿನೋರು. ಹೈಸ್ಕೂಲ್ ವಯಸ್ಸಿಗೇ ಒಂದ್ ಬ್ಯಾಂಡಲ್ಲಿ ಡ್ರಮ್ಸ್ ಬಾರಿಸ್ತಿದ್ದ, ಆಮೇಲೆ ದಿ ಮೆರ್ರಿ-ಗೋ-ರೌಂಡ್ ಅಂತ ಸ್ವಂತ ಬ್ಯಾಂಡು, ಇವನೇ ಹಾಡು ಬರೆಯೋನು ಇವನೇ ಹಾಡೋನು, 1967ರಲ್ಲಿ ಲಾಸ್ ಏಂಜಲೀಸ್ ಕಡೆ ರೇಡಿಯೋದಲ್ಲಿ ಓಡ್ತು, ಎರಡು ವರ್ಷಕ್ಕೆ ಬ್ಯಾಂಡ್ ಚೆಲ್ಲಾಪಿಲ್ಲಿ. ಅಲ್ಲಿಗೆ ಇನ್ನೂ ಇಪ್ಪತ್ತು ತುಂಬಿರ್ಲಿಲ್ಲ. ಆಗ ಏನ್ ಮಾಡ್ದ ಅಂದ್ರೆ ಅಪ್ಪ-ಅಮ್ಮನ ಮನೆ ಗ್ಯಾರೇಜಲ್ಲಿ ಟೇಪ್ ಮಷೀನ್ ಇಟ್ಕೊಂಡು ಗಿಟಾರು, ಬೇಸು, ಪಿಯಾನೋ, ಡ್ರಮ್ಸು, ಹಾಡೋದು, ಹಿಂದ್ಗಡೆ ಕೋರಸ್ಸು ಎಲ್ಲಾ ಒಬ್ನೇ ಮಾಡ್ದ. ಕಂಪ್ನಿ ಕೊಟ್ಟ ಐದ್ ಸಾವಿರ ಡಾಲರ್ ಅಡ್ವಾನ್ಸು ಆ ಮಷೀನು ಮೈಕಿಗೇ ಹೋಯ್ತು.

ಇಲ್ಲಿ ಒಂದ್ ನಿಮಿಷ ನಿಂತ್ಕೋ. ನಿನ್ನ ಲ್ಯಾಪ್‌ಟಾಪಲ್ಲಿ ನೂರ್ ಟ್ರ್ಯಾಕ್ ಹಾಕ್ಬೋದು, ತಪ್ಪಾದ್ರೆ ಹಿಂದಕ್ಕೆ ಹೋಗ್ಬೋದು. ಆಗಿನ ನಾಲ್ಕು ಟ್ರ್ಯಾಕಿನ ಟೇಪಲ್ಲಿ ನಾಲ್ಕೇ ಕೋಣೆ. ಡ್ರಮ್ಸ್ ಒಂದ್ರಲ್ಲಿ, ಬೇಸ್ ಇನ್ನೊಂದ್ರಲ್ಲಿ, ಪಿಯಾನೋ ಮೂರ್ನೇದ್ರಲ್ಲಿ ತುಂಬಿದ್ಮೇಲೆ ಆ ಮೂರನ್ನೂ ಸೇರ್ಸಿ ನಾಲ್ಕ್ನೇ ಕೋಣೆಗೆ ಇಳ್ಸಿ, ಖಾಲಿಯಾದ ಮೂರ್ರಲ್ಲಿ ಮತ್ತೆ ತುಂಬ್ಬೇಕು. ಒಂದ್ಸಲ ಇಳ್ಸಿದ್ಮೇಲೆ ಬೇಸ್ ಜಾಸ್ತಿಯಾಯ್ತು ಅಂತ ಅತ್ರೂ ಬೇರೆ ಮಾಡೋಕಾಗಲ್ಲ, ಪ್ರತಿ ಸಲ ಇಳ್ಸಿದಾಗ್ಲೂ ಟೇಪಿನ ಸುಸ್ ಸದ್ದು ಒಂದಿಷ್ಟು ಜಾಸ್ತಿಯಾಗುತ್ತೆ. ಅಂಥಾ ಕೆಲ್ಸ ಒಬ್ನೇ ಮಾಡೋದು ಅಂದ್ರೆ ಮೊದ್ಲೇ ಪೂರ್ತಿ ಹಾಡು ತಲೇಲಿ ಇರ್ಬೇಕು. 1970ರಲ್ಲಿ ಅವನ ಹೆಸರಲ್ಲೇ ಬಂದ ಆ ಆಲ್ಬಮ್ಮು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟೀಲಿ 29ಕ್ಕೆ ಏರ್ತು. ಅದೇ ವರ್ಷ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಕೂಡ ಮನೇಲಿ ಒಬ್ರೇ ಎಲ್ಲಾ ಬಾರ್ಸಿದ ಆಲ್ಬಂ ಬಂದಿತ್ತು, ಇವನ ದನೀನೂ ಹಂಗೇ ಇತ್ತು, ಜನ ಇವನನ್ನ ಒಬ್ನೇ ಬೀಟಲ್ಸ್ ಅಂತ ಕರೆಯೋಕೆ ಶುರು ಮಾಡಿದ್ರು. ನನ್ ಕೇಳಿದ್ರೆ ಮೆಕಾರ್ಟ್ನಿಯ ಆ ಆಲ್ಬಮ್ಮಿಗಿಂತ ಈ ಹುಡುಗಂದೇ ಅಚ್ಚುಕಟ್ಟಾಗಿದೆ, ಬೈಯೋರು ಬೈಕೊಳ್ಳಿ.

ಈಗ ಬಾ ಅಗ್ರಿಮೆಂಟಿಗೆ. ಎಬಿಸಿ-ಡನ್‌ಹಿಲ್ ಕಂಪ್ನಿ ಜೊತೆ ಅವನ ಒಪ್ಪಂದದಲ್ಲಿ ಏನಿತ್ತು ಅಂದ್ರೆ ಆರು ತಿಂಗ್ಳಿಗೊಂದು ಆಲ್ಬಂ, ಮೂರು ವರ್ಷಕ್ಕೆ ಆರು. ಸ್ಟುಡಿಯೋ ತುಂಬಾ ವಾದ್ಯದೋರು ಇರೋ ಕಂಪ್ನಿ ಗಾಯಕರಿಗೆ ಅದು ಆಗ್ಬೋದೇನೋ, ಡ್ರಮ್ಸ್ ಬಾರ್ಸಿ ಎದ್ದು ಬಂದು ಮಷೀನ್ ನಿಲ್ಸಿ, ಟೇಪ್ ಹಿಂದಕ್ಕೆ ಸುತ್ತಿ, ಬೇಸ್ ಹಿಡ್ಕೊಂಡು ಕೂರೋನಿಗೆ ಎಲ್ಲಾಗುತ್ತೆ? ಎರಡ್ನೇ ಆಲ್ಬಮ್ಮಿಗೆ ಹೆಚ್ಚುಕಮ್ಮಿ ವರ್ಷ ಹಿಡೀತು. ಕಂಪ್ನಿ ರಾಯಲ್ಟಿ, ಅಂದ್ರೆ ಹಾಡಿನ ದುಡ್ಡಲ್ಲಿ ಅವನಿಗೆ ಬರ್ಬೇಕಾದ ಪಾಲು, ತಡೆಹಿಡೀತು, ಎರಡೂವರೆ ಲಕ್ಷ ಡಾಲರಿಗೆ ಕೇಸ್ ಹಾಕ್ತು. ಇದು ಸಾಲ್ದು ಅಂತ ಹಳೇ ಬ್ಯಾಂಡಿನ ಕಾಲದ ಕಂಪ್ನಿ ತನ್ನತ್ರ ಬಿದ್ದಿದ್ದ ಹಳೇ ರೆಕಾರ್ಡಿಂಗ್‌ಗಳನ್ನ ಸೇರ್ಸಿ, ಅವನ ಮೊದಲ್ನೇ ಆಲ್ಬಂ ಬಂದ ಹೊತ್ತಿಗೇ ಅವನ ಹೆಸರಲ್ಲೇ ಇನ್ನೊಂದ್ ಆಲ್ಬಂ ಬಿಟ್ಟಿತ್ತು, ಅಂಗಡಿಗೆ ಬಂದೋರಿಗೆ ಯಾವ್ದು ಹೊಸದು ಯಾವ್ದು ಹಳೇದು ಗೊತ್ತಾಗ್ಲಿಲ್ಲ. 1973ಕ್ಕೆ ಮೂರ್ನೇದು ಬಂತು, ಅಷ್ಟೇ, ಸುಸ್ತಾಗಿ ನಿಲ್ಸ್‌ಬಿಟ್ಟ. ಇಪ್ಪತ್ಮೂರು ವಯಸ್ಸು ತಮ್ಮಾ, ನೀನಿರೋ ವಯಸ್ಸೇ ಇರ್ಬೇಕು. ಆಮೇಲೆ ಬೇರೆಯೋರ ಹಾಡು ರೆಕಾರ್ಡ್ ಮಾಡ್ಕೊಡೋ ಇಂಜಿನಿಯರ್ ಕೆಲ್ಸ.

ನಿನ್ನ ಲೆಕ್ಕ ನೀನೇ ಬರ್ದಿದೀಯ, ನೋಡ್ಕೊಂಡಿಲ್ಲ. ನಾಲ್ಕ್ ತಿಂಗ್ಳಿಗೆ ಮೂರ್ ಹಾಡು. ಅವರು ಕೇಳ್ತಿರೋದು ಮೂರ್ ವರ್ಷಕ್ಕೆ 36. ನಿನ್ನ ಕೈ ಓಡೋ ಸ್ಪೀಡಿಗೆ 36 ಹಾಡಿಗೆ 48 ತಿಂಗ್ಳು ಬೇಕು, ಅದೂ ಜ್ವರ ಬರ್ದೆ, ತಂಗಿ ಮದ್ವೆ ಇಲ್ದೆ, ದುಗ್ಗಮ್ಮನ ಜಾತ್ರೆಗೆ ನೆಂಟ್ರು ಬಂದು ಮನೆ ತುಂಬ್ದೆ ಇದ್ರೆ. ಅಂದ್ರೆ ಸೈನ್ ಮಾಡಿದ ದಿನಾನೇ ನೀನು ಒಂದ್ ವರ್ಷ ಲೇಟು. ದಂಡ ಅನ್ನೋ ಸಾಲು ಇರೋದೇ ಅದಕ್ಕೆ.

ಹಂಗಂತ ಓಡ್ಹೋಗು ಅಂತಿಲ್ಲ. ತಿಂಗ್ಳಿಗೊಂದು ಅನ್ನೋದನ್ನ ವರ್ಷಕ್ಕೆ ಐದೋ ಆರೋ ಅಂತ ಮಾಡ್ಸು, ದಂಡ ತೆಗ್ಸು, ತಡ ಆದ್ರೆ ಅವಧಿ ಅಷ್ಟು ಮುಂದಕ್ಕೆ ಹೋಗುತ್ತೆ ಅಂತ ಬರ್ಸು. ಹಕ್ಕಿನ ವಿಷ್ಯ ಬೇರೆ. ರೋಡ್ಸ್‌ಗೆ ಇರ್ದಿದ್ದ ಒಂದ್ ಗುರಾಣಿ ನಿನಗಿದೆ, ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ್ಮೇಲೆ ಹಾಡು ಬರ್ದೋರು, ಟ್ಯೂನ್ ಹಾಕ್ದೋರು ತಮ್ಮ ರಾಯಲ್ಟಿ ಪಾಲನ್ನ ಕಂಪ್ನಿಗೆ ಬಿಟ್‌ಕೊಡೋ ಹಂಗೇ ಇಲ್ಲ, ವಾರಸುದಾರರಿಗೆ ಇಲ್ಲಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡ್ಬೋದು. ಎಲ್ಲಾ ಹಕ್ಕೂ ನಮ್ದೇ ಅಂತ ಅವರು ಎಷ್ಟು ದಪ್ಪ ಅಕ್ಷರದಲ್ಲಿ ಬರ್ದ್ರೂ ಆ ಪಾಲು ನಿಂದೇ. ಇನ್ನೊಂದು, ಎಷ್ಟು ವರ್ಷಕ್ಕೆ ಅಂತ ಬರೀದಿದ್ರೆ ಕಾಯ್ದೆ ಪ್ರಕಾರ ಐದೇ ವರ್ಷ, ಯಾವ್ ಯಾವ್ ದೇಶಕ್ಕೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು ಸಾಮಾನ್ಯವಾಗಿ 'ಶಾಶ್ವತವಾಗಿ, ಇಡೀ ಜಗತ್ತಿಗೆ' ಅಂತ ತುರುಕಿರ್ತಾರೆ, ನಿನ್ನ ಕಾಗದದಲ್ಲೂ ಹುಡುಕು. ಮುಂಬೈಲಿರೋ ಐಪಿಆರ್‌ಎಸ್‌ಗೆ ಮೆಂಬರ್ ಆಗು, ಹಾಡು ಬರ್ದೋರ, ಟ್ಯೂನ್ ಹಾಕ್ದೋರ ರಾಯಲ್ಟಿ ವಸೂಲಿ ಮಾಡೋ ಸೊಸೈಟಿ ಅದು. ಅಗ್ರಿಮೆಂಟನ್ನ ಒಬ್ಬ ಒಳ್ಳೇ ವಕೀಲರಿಗೆ ತೋರ್ಸು, ಫೀಸು ನೋಡಿ ಹಿಂಜರೀಬೇಡ, ನಿನ್ನ ಮೈಕಿಗಿಂತ ಕಮ್ಮಿನೇ ಆಗುತ್ತೆ.

ರೋಡ್ಸ್ ಕಥೆ ಅಲ್ಲಿಗೇ ಮುಗೀಲಿಲ್ಲ, ಅದನ್ನೂ ಹೇಳ್ಬಿಡ್ತೀನಿ. ಅವನ ಮುಂದಿನ ಆಲ್ಬಂ ಬಂದಿದ್ದು 2016ರಲ್ಲಿ, 43 ವರ್ಷ ಆದ್ಮೇಲೆ. ಕ್ರಿಸ್ ಪ್ರೈಸ್ ಅಂತ ಅವನ ಹಾಡು ಹುಚ್ಚು ಹಿಡ್ಸ್‌ಕೊಂಡಿದ್ದ ಸಂಗೀತಗಾರ ಬೆನ್ನು ಹತ್ತಿ ಹತ್ತಿ ಮಾಡ್ಸಿದ್ದು, ಬ್ಯಾಂಗಲ್ಸ್‌ನ ಸುಸಾನಾ ಹಾಫ್ಸ್, ಗಾಯಕಿ ಏಮಿ ಮನ್, ವಿಲ್ಕೋ ಬ್ಯಾಂಡಿನ ನೆಲ್ಸ್ ಕ್ಲೈನ್ ಥರದೋರೆಲ್ಲಾ ಬಂದು ಸೇರ್ಕೊಂಡ್ರು. ಎಲ್ಲಾ ಒಬ್ನೇ ಬಾರ್ಸಿ ಹೆಸರು ಮಾಡ್ದೋನು ವಾಪಸ್ ಬಂದಿದ್ದು ಬೇರೆಯೋರು ಬಾರ್ಸಿದಾಗ. 2020ರ ಜುಲೈಲಿ ತೀರ್ಕೊಂಡ, ಎಪ್ಪತ್ತಾಗಿತ್ತು. ನಿನ್ನ ಡ್ರಮ್ಮರು ಅಡಿಕೆ ಮಂಡೀಲಿ ಇದಾನಲ್ಲ, ಭಾನುವಾರ ರಜಾ ಇರ್ಬೇಕು ಅವನಿಗೆ, ಫೋನ್ ಮಾಡು.

ಪ್ರಶ್ನೆ: ನನ್ ಮಗ ಮಾಡ್ತಿದ್ದ ಕೆಲ್ಸ ಬಿಟ್ಟು ಬಂದು ಮಹಡಿ ಮೇಲಿನ ರೂಮಲ್ಲಿ ಬಾಗ್ಲು ಹಾಕ್ಕೊಂಡು ಹಾಡು ರೆಕಾರ್ಡ್ ಮಾಡ್ತಾನೆ. ಗೋಡೆ ತುಂಬಾ ಮೊಟ್ಟೆ ಟ್ರೇ ಅಂಟ್ಸಿದಾನೆ, ನಾವು ಮೊಟ್ಟೆ ತಿನ್ನೋರಲ್ಲ, ನೋಡಿದೋರು ಏನ್ ಅನ್ಕೋತಾರೆ. ಇದೂ ಒಂದ್ ಕೆಲ್ಸಾನಾ ಸರ್?
(ಗೃಹಿಣಿ, ನಿಟುವಳ್ಳಿ, ದಾವಣಗೆರೆ)

ಅಕ್ಕಾ, ಮೊದ್ಲು ಟ್ರೇ ಕಿತ್ತಾಕ್ಸಿ. ಮಡಿ ಮೈಲಿಗೆಗಲ್ಲ, ಅದ್ರಿಂದ ಉಪಯೋಗಾನೇ ಇಲ್ಲ. ರಟ್ಟಿನ ಟ್ರೇ ಹೊರಗಿನ ಸದ್ದು ತಡೆಯಲ್ಲ, ಒಳಗಿನ ಸದ್ದು ಹೊರಗೂ ಬಿಡುತ್ತೆ, ಮೇಲಾಗಿ ಕಿಡಿ ಬಿದ್ರೆ ಭಗ್ ಅಂತ ಹತ್ಕೊಳುತ್ತೆ. ಮನೇಲಿ ಅಜ್ಜಿ ಕಾಲದ ಕೌದಿ ಇದ್ದೇ ಇರುತ್ತಲ್ಲ, ನಾಲ್ಕೈದು ಪದರದ ದಪ್ಪನೇವು, ಅವನ್ನ ಗೋಡೆಯಿಂದ ನಾಲ್ಕು ಬೆರಳು ದೂರ ಬಿಟ್ಟು ನೇತಾಕೋಕೆ ಹೇಳಿ, ರೂಮಿನ ಒಳಗೆ ದನಿ ಗುಂಯ್‌ಗುಡೋದು ಕಮ್ಮಿಯಾಗುತ್ತೆ.

ಕೆಲ್ಸಾನಾ ಅಂತ ಕೇಳಿದ್ರಿ. ಇನ್ನೂ ಅಲ್ಲ, ಆದ್ರೂ ಆಗ್ಬೋದು. ಮೇಲ್ಗಡೆ ಹೇಳಿದ ರೋಡ್ಸ್‌ಗೆ ಹಾಡಿನ ದುಡ್ಡು ಕೈ ಕೊಟ್ಟಾಗ ಅನ್ನ ಹಾಕಿದ್ದು ಗ್ಯಾರೇಜಲ್ಲಿ ಕಲ್ತ ರೆಕಾರ್ಡಿಂಗ್ ಕೆಲ್ಸಾನೇ. ನಿಮ್ಮ ಮಗ ಮದ್ವೆ ವಿಡಿಯೋದೋರಿಗೆ, ಜಾನಪದ ಮೇಳದೋರಿಗೆ, ಭಜನೆ ಮಂಡಳಿಗೆ ರೆಕಾರ್ಡ್ ಮಾಡ್ಕೊಟ್ರೆ ತಿಂಗಳ ಖರ್ಚಾದ್ರೂ ಹುಟ್ಟುತ್ತೆ. ಆಮೇಲೆ ಒಂದ್ ಸಲ ಮೇಲ್ಗಡೆ ಹೋಗಿ ಹಾಡು ಹಾಕು ಅಂತ ಕೇಳಿ ಅಕ್ಕಾ. ಪತ್ರ ಎರಡು ಪುಟ ಬರ್ದಿದೀರಿ, ಹಾಡು ಹೆಂಗಿದೆ ಅಂತ ಎಲ್ಲೂ ಬರ್ದಿಲ್ಲ.

ಪ್ರಶ್ನೆ: ಹಾಡು ಚೆನ್ನಾಗಿದ್ರೆ ಜನ ಕೇಳೇ ಕೇಳ್ತಾರೆ ಅಂತಾರಲ್ಲ, ನಿಜಾನಾ?
(ಮೇಷ್ಟ್ರು, ಚಳ್ಳಕೆರೆ)

ಸುಳ್ಳು ಮೇಷ್ಟ್ರೇ. ಅಲೆಕ್ಸ್ ಚಿಲ್ಟನ್ ಅಂತ ಮೆಂಫಿಸ್‌ನ ಹುಡುಗ, ಹದಿನಾರ್ನೇ ವಯಸ್ಸಿಗೇ 1967ರಲ್ಲಿ ಬಾಕ್ಸ್ ಟಾಪ್ಸ್ ಬ್ಯಾಂಡಲ್ಲಿ ಅವನು ಹಾಡಿದ ಹಾಡು ಅಮೆರಿಕದಲ್ಲಿ ನಾಲ್ಕು ವಾರ ನಂಬರ್ ಒನ್. ಆ ಗೆಲುವಿನ ಆಮೇಲೆ ಬಿಗ್ ಸ್ಟಾರ್ ಬ್ಯಾಂಡ್ ಸೇರಿ 1972ರಲ್ಲಿ ಮಾಡಿದ ಆಲ್ಬಮ್ಮಿಗೆ ಅವರಿಟ್ಟ ಹೆಸರೇ 'ನಂಬರ್ ಒನ್ ರೆಕಾರ್ಡ್'. ಪತ್ರಿಕೆಯೋರೆಲ್ಲಾ ಹೊಗಳಿದ್ರು. ಜನ ಅಂಗಡಿಗೆ ಹೋದ್ರೆ ಮಾಲೇ ಇಲ್ಲ! ಹಂಚೋ ವ್ಯವಸ್ಥೆ ಸ್ಟ್ಯಾಕ್ಸ್ ಕಂಪ್ನೀದು, ಅದು ನೆಟ್ಟಗೆ ತಲುಪಿಸ್ಲಿಲ್ಲ, ಆಮೇಲೆ ಸ್ಟ್ಯಾಕ್ಸ್‌ನೋರು ಕೊಲಂಬಿಯಾ ಕಂಪ್ನಿ ಜೊತೆ ಮಾಡ್ಕೊಂಡ ಒಪ್ಪಂದದಲ್ಲಿ ಇನ್ನೂ ಕೆಟ್ಟೋಯ್ತು. ಆಗ ಹತ್ ಸಾವಿರ ಪ್ರತಿನೂ ಹೋಗ್ಲಿಲ್ಲ ಅಂತಾರೆ.

ಜೊತೇಲಿ ಹಾಡು ಬರೀತಿದ್ದ ಕ್ರಿಸ್ ಬೆಲ್ ಅದ್ರಲ್ಲೇ ಕುಗ್ಗಿಹೋಗಿ ಬ್ಯಾಂಡ್ ಬಿಟ್ಟ, ಸ್ವಂತ ಹಾಡು ರೆಕಾರ್ಡ್ ಮಾಡ್ಕೊಂಡು, ಹೊಟ್ಟೆಪಾಡಿಗೆ ಅವರ ಮನೆಯೋರ್ದೇ ಹೋಟ್ಲಲ್ಲಿ ಕೆಲ್ಸ ಮಾಡ್ತಿದ್ದ. 1978ರ ಡಿಸೆಂಬರಲ್ಲಿ ಕಾರ್ ಆಕ್ಸಿಡೆಂಟಲ್ಲಿ ಹೋದ, 27 ವಯಸ್ಸು. ಅವನು ಬದುಕಿದ್ದಾಗ ಅವನ ಹೆಸರಲ್ಲಿ ಬಂದಿದ್ದು ಒಂದೇ ಸಿಂಗಲ್ಲು, ಅಂದ್ರೆ ಬಿಡಿ ಹಾಡಿನ ರೆಕಾರ್ಡು, ಆಲ್ಬಂ ಅಂತ ಆಗಿದ್ದು 1992ಕ್ಕೆ. ಚಿಲ್ಟನ್ ಒಬ್ನೇ ಹಾಡ್ತಾ ಉಳ್ಕೊಂಡ, 80ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಕೆಲವು ಕಾಲ ಹೋಟ್ಲಲ್ಲಿ ಪಾತ್ರೆ ತೊಳ್ದಿದ್ದೂ ಇದೆ. ಅದೇ ಹೊತ್ತಲ್ಲಿ ಆರ್.ಇ.ಎಂ., ರಿಪ್ಲೇಸ್‌ಮೆಂಟ್ಸ್ ಥರದ ಹೊಸ ಬ್ಯಾಂಡಿನ ಹುಡುಗ್ರು ನಮ್ಮ ಗುರು ಬಿಗ್ ಸ್ಟಾರೇ ಅಂತ ಹೇಳ್ಕೊಂಡು ತಿರುಗ್ತಿದ್ರು. 1993ರಲ್ಲಿ ಬ್ಯಾಂಡ್ ಮತ್ತೆ ಕೂಡ್ತು, 2010ರ ಮಾರ್ಚಲ್ಲಿ ದೊಡ್ಡ ಕಾರ್ಯಕ್ರಮಕ್ಕೆ ಮೂರು ದಿನ ಇರ್ಬೇಕಾದ್ರೆ ಚಿಲ್ಟನ್ ಹೃದಯಾಘಾತದಿಂದ ತೀರ್ಕೊಂಡ, 59.

ಇದು ನಂಗೆ ಯಾಕೆ ಅಷ್ಟು ಚುಚ್ಚುತ್ತೆ ಅಂದ್ರೆ ಮೇಷ್ಟ್ರೇ, ನಾನು ಆರು ವರ್ಷ ದಾವಣಗೆರೇಲಿ ಕ್ಯಾಸೆಟ್ ಅಂಗಡಿ ಇಟ್ಟೋನು. ಹೊಸ ಸಿನಿಮಾ ಕ್ಯಾಸೆಟ್ಟು ಸೋಮವಾರ ಬೆಳಗ್ಗೆಗೇ ಬಾಕ್ಸುಗಟ್ಲೆ ಬರೋದು, ನಮ್ಮ ಜಿಲ್ಲೆಯೋರೇ ಹಾಡಿದ ಭಾವಗೀತೆ ಕ್ಯಾಸೆಟ್ಟನ್ನ ಗಿರಾಕಿಗಳು ಕೇಳ್ಕೊಂಡ್ ಬರೋರು, ಸಪ್ಲೈ ಮಾಡೋನಿಗೆ ಹೇಳಿದ್ರೆ ನಾಳೆ ಅನ್ನೋನು, ಹತ್ ಪೀಸಿಗೆಲ್ಲಾ ಯಾರ್ ಓಡಾಡ್ತಾರೆ ಅನ್ನೋನು. ಮೂರ್ ಸಲ ಬಂದು ವಾಪಸ್ ಹೋದ ಗಿರಾಕಿ ನಾಲ್ಕ್ನೇ ಸಲ ಸಿನಿಮಾ ಕ್ಯಾಸೆಟ್ ತಗೊಂಡ್ ಹೋಗೋರು. ಜನಕ್ಕೆ ಟೇಸ್ಟಿಲ್ಲ ಅಂತ ಯಾರಾದ್ರೂ ಅಂದ್ರೆ ನಂಗೆ ಇವತ್ತಿಗೂ ಸಿಟ್ಟು ಬರುತ್ತೆ. ಈಗ ಅಂಗಡಿ ಇಲ್ಲ, ಎಲ್ಲಾ ಹಾಡೂ ಎಲ್ಲಾರ ಫೋನಲ್ಲೂ ಸಿಗುತ್ತೆ, ನಿಜ. ಆದ್ರೆ ಸಿಗೋದು ಬೇರೆ, ಕಣ್ಣಿಗೆ ಬೀಳೋದು ಬೇರೆ. ಹಾಡು ಬಿಟ್ಟೋರು ಅದನ್ನ ಕೇಳ್ಸೋಕೂ ಅಷ್ಟೇ ದಿನ ಓಡಾಡ್ಬೇಕಾಗಿದೆ.

ಪ್ರಶ್ನೆ: ನಾನು ಹಾಕಿದ ಟ್ಯೂನು ಯಾವ್ದೋ ಹಳೇ ಕೀರ್ತನೆ ಥರಾನೇ ಇದೆ ಅಂತ ಫ್ರೆಂಡ್ಸ್ ಹೇಳ್ತಿದಾರೆ. ಕೇಸ್ ಬೀಳುತ್ತಾ?
(ಬಿ.ಎ. ವಿದ್ಯಾರ್ಥಿ, ಹೊಳಲ್ಕೆರೆ)

ಪುರಂದರದಾಸರು ಬಂದು ಕೇಸ್ ಹಾಕಲ್ಲ ಬಿಡಪ್ಪ. ನಮ್ಮಲ್ಲಿ ಹಾಡು ಬರ್ದೋರು ತೀರ್ಕೊಂಡು 60 ವರ್ಷ ಆದ್ಮೇಲೆ ಅದು ಎಲ್ಲಾರ್ದೂ, ರಾಗ ಅಂತೂ ಯಾರಪ್ಪನ ಆಸ್ತಿನೂ ಅಲ್ಲ. ಆದ್ರೆ ಹಳೇ ಹಾಡಿನ ಈಗಿನ ರೆಕಾರ್ಡಿಂಗಿನ ತುಂಡು ಕತ್ತರ್ಸಿ ಹಾಕ್ಬೇಡ, ಆ ರೆಕಾರ್ಡಿಂಗಿಗೆ ಬೇರೆ ಮಾಲೀಕರಿರ್ತಾರೆ. ರಾಸ್‌ಬೆರೀಸ್ ಬ್ಯಾಂಡಿನ ಎರಿಕ್ ಕಾರ್ಮನ್ ಒಬ್ರೇ ಹಾಡೋಕೆ ಶುರು ಮಾಡಿದಾಗ ರಷ್ಯಾದ ರಾಖ್ಮನಿನಾಫ್‌ನ ಪಿಯಾನೋ ಸಂಗೀತದಿಂದ ಒಂದ್ ಎಳೆ ತಗೊಂಡ್ರು, ಹಳೇದಲ್ವಾ ಯಾರ್ ಕೇಳ್ತಾರೆ ಅಂತ. ಹಾಡು 1976ರಲ್ಲಿ ಅಮೆರಿಕದಲ್ಲಿ ಎರಡ್ನೇ ಸ್ಥಾನಕ್ಕೆ ಹೋಯ್ತು. ರಾಖ್ಮನಿನಾಫ್ ತೀರ್ಕೊಂಡಿದ್ದು 1943ರಲ್ಲಿ, ಅಮೆರಿಕದಲ್ಲಿ ಆ ಸಂಗೀತದ ಹಕ್ಕು ಮುಗ್ದಿದ್ರೂ ಬೇರೆ ದೇಶಗಳಲ್ಲಿ ಮುಗ್ದಿರ್ಲಿಲ್ಲ, ವಾರಸುದಾರರು ಬಂದ್ರು, ರಾಯಲ್ಟೀಲಿ ನೂರಕ್ಕೆ 12 ಕೊಡ್ಬೇಕಾಯ್ತು. ನಿಂದು ದಾಸರ ಪದ ಆಗಿದ್ರೆ ಧೈರ್ಯವಾಗಿ ಹಾಕು, ಆದ್ರೆ ದಾಸರ ಹೆಸರು ಹಾಕು, ಸಂಗೀತ ನಂದು ಅಂತ ದೊಡ್ಡದಾಗಿ ಬರ್ಕೋಬೇಡ.

ಪ್ರಶ್ನೆ: ಇಷ್ಟೆಲ್ಲಾ ಬುದ್ಧಿ ಹೇಳ್ತೀರಲ್ಲ, ನೀವ್ ಯಾವತ್ತಾದ್ರೂ ಒಂದ್ ಹಾಡು ಬರ್ದಿದೀರಾ?
(ಹೆಸರಿಲ್ಲ, ಪೋಸ್ಟ್ ಮಾರ್ಕ್ ದಾವಣಗೆರೆ)

ಬರ್ದಿದೀನಿ, ಒಂದು. ರಸಮಂಜರಿ ಟೀಮಲ್ಲಿ ರಿದಂ ಪ್ಯಾಡ್ ಬಾರಿಸ್ತಿದ್ದಾಗ, ಜಗಳೂರು ಕಡೆ ಒಂದ್ ಊರಿನ ಗಣೇಶೋತ್ಸವದಲ್ಲಿ ನಾನೇ ಹಾಡ್ದೆ, ಎರಡ್ನೇ ಚರಣಕ್ಕೆ ಕರೆಂಟ್ ಹೋಯ್ತು. ಕರೆಂಟ್ ಬಂದ್ಮೇಲೆ ಜನ ಸಿನಿಮಾ ಹಾಡು ಹಾಕ್ರಿ ಅಂದ್ರು. ಅವತ್ತಿನ ಟೇಪು ನಮ್ಮ ಕೀಬೋರ್ಡಿನೋನ ಹತ್ರ ಇದೆ, ಅದ್ರ ಜೊತೆಗೆ ನನ್ನ ಮುನ್ನೂರು ರೂಪಾಯಿನೂ.